ಹನ್ನೊಂದನೆಯ ಕಲ್ಲು

ಹಂಪಿಯ ಆಸುಪಾಸಿನಲ್ಲಿ ಹುಟ್ಟಿದವನಿಗೆ ಕಲ್ಲು ನೋಡುವ ಚಟ ಸಹಜವೇ ಆದರೂ, ನನ್ನ ದೃಷ್ಟಿ ಬೀಳುವುದು ಶಿಲ್ಪದ ಮೇಲಲ್ಲ, ರಸ್ತೆಯಂಚಿನ ಕಿಲೋಮೀಟರ್ ಕಲ್ಲಿನ ಮೇಲೆ. ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಹೊರಟರೆ, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ, ಅದರಿಂದ ಬಸ್ಸಿನ ವೇಗವನ್ನೂ ವೇಗದಿಂದ ಊರು ಮುಟ್ಟುವ ಗಳಿಗೆಯನ್ನೂ ಗುಣಿಸಿ ತೆಗೆದು, ಯಾರೂ ಕೇಳದಿದ್ದರೂ ಪಕ್ಕದವರಿಗೆ ಹೇಳಿಬಿಡುವುದು ನನ್ನ ಪರೋಪಕಾರ. "ಇಷ್ಟು ಲೆಕ್ಕ ಬರ್ತದಂದ್ರ ನೀವ ಬಂದು ಸ್ಟೇರಿಂಗ್ ಹಿಡೀರಿ ಸಾರ್" ಎಂದು ಕಂಡಕ್ಟರ್ ಒಮ್ಮೆ ಮಂಗಳಾರತಿ ಎತ್ತಿದ ಮೇಲೂ ಬುದ್ಧಿ ಬರಲಿಲ್ಲ. ನಾನು ಎಲ್ಲಿದ್ದೇನೆಂಬುದು ನನಗೆ ಸದಾ ಗೊತ್ತೆಂಬ ಅಹಂಕಾರ, ನೋಡಿ, ನೆತ್ತಿಗೇರಿತ್ತು.

ಅದು ಇಳಿದದ್ದು ಸಂಡೂರಿನ ರಸ್ತೆಯಲ್ಲಿ. ದೋಣಿಮಲೈ ಗಣಿಯಲ್ಲಿ ದುಡಿಯುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಅಂದು ನನ್ನ ಸ್ಕೂಟರಿನ ಹಿಂದೆ ಕೂತು ಹೊಸಪೇಟೆಗೆ ಬರುತ್ತಿದ್ದರು. ಅವರ ಹರಟೆಯಲ್ಲಿ ನಾನು ಕಲ್ಲುಗಳ ಲೆಕ್ಕ ತಪ್ಪಿಸಿಕೊಂಡಿದ್ದೆ. ಇದ್ದಕ್ಕಿದ್ದಂತೆ ಮಾತು ನಿಂತಿತು. "ಗಾಡಿ ನಿಲ್ಸೋ, ಎದಿ ಹಿಡಕೊಂಡೈತಿ, ಕೂಡಾಕ ಆಗವಲ್ದು" ಎಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ರಸ್ತೆಬದಿಯ ಚಹಾದಂಗಡಿಯ ರುದ್ರಮ್ಮ ಓಡಿಬಂದು ಬೆಂಚಿನ ಮೇಲೆ ಮಲಗಿಸಿದರು. ಅದಿರಿನ ಲಾರಿಗಳಲ್ಲದೆ ಬೇರೆ ಗಾಡಿಯ ಸುಳಿವಿಲ್ಲ. ಮೊಬೈಲಿನಲ್ಲಿ ಮಾತಾಡುವಷ್ಟು ಸಿಗ್ನಲ್ ಇತ್ತು, ನಕ್ಷೆ ತೆರೆಯುವಷ್ಟಿರಲಿಲ್ಲ. ನನಗೆ ನಕ್ಷೆ ಯಾಕೆ? ಅಂಗಡಿಯ ಮುಂದೆಯೇ ದುಂಡುತಲೆಯ ಕಲ್ಲು, ಹಣೆಗೆ ವಿಭೂತಿ, ಕೆಳಗೆ ಸುಸ್ಪಷ್ಟವಾಗಿ 'ಹೊಸಪೇಟೆ ೧೧'. ಇಷ್ಟು ಬೇಗ ಹನ್ನೊಂದಕ್ಕೆ ಬಂದೆವೇ ಎಂದು ಮನಸ್ಸು ಕ್ಷಣಕಾಲ ಅನುಮಾನಿಸಿತು. ಆದರೆ ಕಲ್ಲು ಸುಳ್ಳು ಹೇಳೀತೇ? ಆಂಬುಲೆನ್ಸಿಗೆ ಫೋನ್ ಮಾಡಿ, ಸಂಡೂರು ರಸ್ತೆಯ ಹನ್ನೊಂದನೇ ಕಿಲೋಮೀಟರು ಎಂದು ಗತ್ತಿನಿಂದಲೇ ಹೇಳಿದೆ.

ಕಾಲು ಗಂಟೆಯ ಮೇಲೆ ಚಾಲಕನ ಫೋನು ಬಂತು: "ಸಾರ್, ಹನ್ನೊಂದನೇ ಕಿಲೋಮೀಟರಿನ್ಯಾಗ ನಿಂತೀನಿ, ನೀವೆಲ್ಲದೀರಿ?"

"ನಾನೂ ಅಲ್ಲೇ ಅದೀನಲ್ರೀ!" ಎಂದು ಕಿರುಚಿದೆ. ಭಾವನ ಮುಖ ಬಿಳಿಚಿಕೊಳ್ಳುತ್ತಿತ್ತು.

ರುದ್ರಮ್ಮ ಹಣೆ ಚಚ್ಚಿಕೊಂಡರು. "ಅಯ್ಯ ಶಿವನ, ಆ ಕಲ್ಲು ಇಲ್ಲೀದಲ್ರೀ! ರಸ್ತೆ ಅಗಲ ಮಾಡೋವಾಗ ಕಿತ್ತು ಅತ್ಲಾಗ ತಗ್ಗಿನ್ಯಾಗ ಒಗದಿದ್ರು. ಲಿಂಗದಂಗ ಇರೋ ಕಲ್ಲು ಹಂಗ ಬಿದ್ದಿರೋದು ನೋಡಾಕಾಗ್ಲಿಲ್ಲಂತ ನಮ್ಮನಿಯವ್ರು ಟ್ರ್ಯಾಕ್ಟರ್‌ನ್ಯಾಗ ಹೇರಿಕೊಂಡು ಬಂದು ನೆಟ್ಟಾರ." ನಾನು ಬಾಯಿ ಬಿಡುವ ಮೊದಲೇ ಫೋನು ಕಸಿದುಕೊಂಡು, "ತಮ್ಮಾ, ಕಿಲೋಮೀಟರ್ ಲಿಂಗಪ್ಪನ ಹತ್ರ ಬಾರಪ್ಪ, ಜಲ್ದಿ" ಎಂದರು.

"ಲಿಂಗಪ್ಪನ ಹತ್ರಾನಾ? ಮೊದ್ಲ ಹಂಗನ್ನಬೇಕಿಲ್ಲೇನ್ರಿ! ಬಂದೆ."

ಬಂದ. ಭಾವ ಬದುಕಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದಾಗ, ಆಗಿದ್ದ ತಡ ನನ್ನ ಗಣಿತದ ಕೊಡುಗೆಯೆಂದು ಅಕ್ಕನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೊಮ್ಮೆ ಸ್ಕೂಟರಿನ ಮೀಟರು ನೋಡಿ ಅಳೆದೆ: ಅಲ್ಲಿಂದ ಹೊಸಪೇಟೆಗೆ ಹದಿನೆಂಟು ಕಿಲೋಮೀಟರು. ಹುಟ್ಟುಗುಣ ಸುಟ್ಟರೂ ಹೋಗದು. ಹೋದ ವಾರ ಅದೇ ಬೆಂಚಿನ ಮೇಲೆ ಭಾವನೊಂದಿಗೆ ಚಹಾ ಕುಡಿಯುತ್ತಿದ್ದಾಗ ಅಕ್ಕ ಫೋನ್ ಮಾಡಿ ಎಲ್ಲಿದ್ದೀರೆಂದಳು. ಕಣ್ಣು ಎಂದಿನಂತೆ ಕಲ್ಲಿನ ಅಂಕಿಯತ್ತ ಹೋಯಿತು. ನಿಜವಾದ ದೂರ, ಮನೆ ಮುಟ್ಟುವ ವೇಳೆ, ಎರಡೂ ನಾಲಿಗೆಯ ತುದಿಯಲ್ಲಿದ್ದವು.

"ಲಿಂಗಪ್ಪನ ಹತ್ರ ಅದೀವಕ್ಕಾ" ಎಂದೆ.

ಇನ್ನೆಷ್ಟು ದೂರವೆಂದು ಅವಳು ಕೇಳಲಿಲ್ಲ. "ಇಬ್ರೂ ಕೈ ಮುಗದು ಬರ್ರಿ" ಎಂದಳು. ಭಾವ ಮುಗಿದರು. ಗಡಿಯಾರ ಕಟ್ಟಿದ ಕೈಯನ್ನೂ ಸೇರಿಸಿ ನಾನೂ ಮುಗಿದೆ.