ಕಾಕಾರಿಗೆ ಕೊಟ್ಟ ಹವಾ

ಕಳೆದ ವಾರ ಬೀದರಿನ ಆಸ್ಪತ್ರೆಯಲ್ಲಿ ನಮ್ಮ ಮನೆಯವರಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದರು. ಆ ರಬ್ಬರಿನ ವಾಸನೆಗೆ ಜಹೀರಾಬಾದಿನ ನಮ್ಮ ಓಣಿಯ ಎದುರುಮನೆ ಅಣ್ಣ ನೆನಪಾದ...

ಎಪ್ಪತ್ತರ ದಶಕದ ಮಾತು. ಅಣ್ಣ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿದ್ದ. ಬರೀ ಆಕ್ಸಿಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿಟ್ಟ ಇಲಿಗಳು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದವಂತೆ. ಮೊದಲು ಕಡಿಮೆ ಕೊಟ್ಟು ರೂಢಿ ಮಾಡಿಸಿದರೆ ಕೆಲವು ಬದುಕುತ್ತಿದ್ದವಂತೆ. ಹಾಗೆ ಉಳಿಸುವ ದಾರಿ ಹುಡುಕುವುದೇ ಅವನ ಕೆಲಸ. ಶಾಲೆಯಲ್ಲಿ ಆಕ್ಸಿಜನ್ ಎಂದರೆ ಪ್ರಾಣವಾಯು ಎಂದು ಕಲಿತಿದ್ದ ನಮಗೆ ನಗು ಬರುತ್ತಿತ್ತು. "ಮಂದಿ ಇಲಿ ಸಾಯ್ಲಿ ಅಂತ ಔಷಧ ಇಡ್ತಾರ, ಇಂವ ಉಳಿಸಾಕ ಪಗಾರ ತಗೋತಾನ" ಎಂದು ಅವನ ಅವ್ವ, ನಮ್ಮೆಲ್ಲರ ಕಾಕು, ಚೇಷ್ಟೆ ಮಾಡುತ್ತಿದ್ದರು.

ಆಮೇಲೆ ಅವನ ಅಪ್ಪ, ಕಾಕಾ, ದಮ್ಮು ಹೆಚ್ಚಾಗಿ ಆಸ್ಪತ್ರೆ ಸೇರಿದರು. ಕೊಹೀರ್, ಸಿರ್ಗಾಪುರದಿಂದ ಬಳಗದವರು ಬಂದರು. ನಮ್ಮಲ್ಲಿ ಕೊನೆಗಾಲದವರ ಬಾಯಿಗೆ ಬಂದವರೆಲ್ಲ ಒಂದೊಂದು ಚಮಚ ನೀರು ಬಿಡುತ್ತಾರೆ. ಕಾಕಾರ ಬಾಯಿಗೆ ಮಾಸ್ಕ್ ಇತ್ತು. ಅದಕ್ಕೆ ಬಂದವರೆಲ್ಲ "ನಂದೂ ಜರಾ ಇರಲಿ" ಎಂದು ಸಿಲಿಂಡರಿನ ತಿರುಪನ್ನೇ ಒಂದಿಷ್ಟು ಹೆಚ್ಚಿಗೆ ತಿರುವಿದರು... ಪ್ರೀತಿಯಿಂದಲೇ. ಅಣ್ಣ ಪ್ರತಿ ಸಲ ಎದ್ದು ಡಾಕ್ಟರು ಇಟ್ಟಲ್ಲಿಗೇ ತರುತ್ತಿದ್ದ.

"ಅವ್ವಾ, ಹವಾ ಹೆಚ್ಚಾದ್ರ ಎದಿ ಒಳಗ ಸುಡ್ತದ. ನಾ ಕಣ್ಣಾರೆ ನೋಡೀನಿ."

"ನೀ ನೋಡಿದ್ದು ಇಲಿ. ಇವರು ನಿಮ್ಮಪ್ಪ ಅದಾರ."

ಮರುದಿನ ಕಾಕಾ ಹೋದರು. ಹವಾ ಹೆಚ್ಚಾಗಿಯೋ, ದಮ್ಮಿನಿಂದಲೋ, ನನಗೆ ಇಂದಿಗೂ ಗೊತ್ತಿಲ್ಲ. ಕಾಕು ಕಂಡದ್ದು ಮಾತ್ರ ಹವಾ ಕಡಿಮೆ ಮಾಡಿದ ಮಗನ ಕೈ. ಹೂಳಲು ತೋಡಿದ ಕುಣಿಯ ಹತ್ತಿರ ಅಣ್ಣ ಮಣ್ಣು ಹಿಡಿದಾಗ ಕಾಕು "ಅಂವ ಹಾಕೂದು ಬ್ಯಾಡ" ಎಂದರು. ಅಣ್ಣ ಮಣ್ಣು ಅಲ್ಲೇ ಬಿಟ್ಟು ಬಸ್ ಹತ್ತಿದ. ಮತ್ತೆ ಓಣಿಗೆ ಬರಲೇ ಇಲ್ಲ. ಕೆಲವು ವರ್ಷಗಳ ನಂತರ ಅವನು ತೀರಿಕೊಂಡ ಸುದ್ದಿ ಬಂದಾಗಲೂ ಕಾಕು ಹೊಸ್ತಿಲು ದಾಟಲಿಲ್ಲ. ಆ ಮುದುಕಿಯ ಮೇಲೆ ಸಿಟ್ಟು ಇಟ್ಟುಕೊಂಡೇ ನಾನೂ ಮುದುಕಿಯಾದೆ.

ಮೊನ್ನೆ ಡಾಕ್ಟರಮ್ಮ ಬಂದು, "ಆಕ್ಸಿಜನ್ ಹೆಚ್ಚು ಛಲೋ ಅಲ್ಲರಿ, ಒಳಗ ಕೆಡ್ತದ" ಎಂದು ಕಡಿಮೆ ಮಾಡಿ ಹೋದರು. ಅಣ್ಣ ಹೇಳಿದ್ದೂ ಅದೇ. ನಾನು ತಲೆಯಾಡಿಸಿದೆ. ಅವರು ಅತ್ತ ಹೋದ ಮೇಲೆ ಇವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ... ಎಲ್ಲ ಗೊತ್ತಿದ್ದೂ ನನ್ನ ಕೈ ಆ ತಿರುಪಿಗೆ ಹೋಯಿತು. ಹೆಚ್ಚಿಗೆ ತಿರುವಿಯೇ ಬಿಟ್ಟೆ. ಎದ್ದು ಹಿಂದಕ್ಕೆ ತಿರುಗಿಸಲು ಅಣ್ಣ ಇರಲಿಲ್ಲ.