ಎಷ್ಟು ಬಿಗಿದರೆ ಸಾಕು

ನಮ್ಮ ಭಾವ ಮುಚ್ಚಿದ ನಲ್ಲಿಯನ್ನು ತೆರೆಯಲು ಭಾವನೇ ಬರಬೇಕು. ಅಕ್ಕನ ಮನೆಯಲ್ಲಿ ಇದು ಕಾನೂನು. ಎಣ್ಣೆ ಬಾಟಲಿಯ ಮುಚ್ಚಳ, ಫ್ಲಾಸ್ಕಿನ ಬಿರಡೆ, ಕಿಟಕಿಯ ಚಿಲಕ, ಎಲ್ಲಕ್ಕೂ ಅದೇ. ಅಕ್ಕ ಎಷ್ಟೋ ಸಲ ಬಾಟಲಿ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತು ಭಾವನ ಸ್ನಾನ ಮುಗಿಯುವುದನ್ನು ಕಾದಿದ್ದಾಳೆ.

ತಪ್ಪು ಪೂರ್ತಿ ಅವರದೂ ಅಲ್ಲ. ಮೂವತ್ತನಾಲ್ಕು ವರ್ಷ ನೀರು ಸರಬರಾಜಿನಲ್ಲಿ ಪೈಪ್ ಫಿಟ್ಟರ್ ಆಗಿದ್ದವರು. ತೊಡೆ ದಪ್ಪದ ಕಬ್ಬಿಣದ ಪೈಪು, ತೋಳುದ್ದದ ಸ್ಪ್ಯಾನರು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಬಿಗಿಯುವುದೇ ಅಲ್ಲಿನ ವಿದ್ಯೆ. ಬಿಗಿದಾದ ಮೇಲೂ ಭರವಸೆಗೆಂದು ಇನ್ನೊಂದು ಎಳೆತ. ಅವರು ಕೂಡಿಸಿದ ಪೈಪು ಎಲ್ಲೂ ಸೋರಿದ ದಾಖಲೆ ಇಲ್ಲ. ಕಬ್ಬಿಣ ಎಲ್ಲವನ್ನೂ ತಡೆದುಕೊಂಡಿತು. ಆ ಕೈ ನಿವೃತ್ತಿಯಾಗಿ ಮನೆಗೆ ಬಂದದ್ದೇ ಕಷ್ಟವಾಯಿತು.

ಅದೇ ವರ್ಷ ಅಕ್ಕನ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ಡಯಾಲಿಸಿಸ್. ಒಂದು ಸಲ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರಾಟಕ್ಕೇ ತೊಂದರೆ. ಮುಗಿಸಿಕೊಂಡು ಎದ್ದರೆ ನಿಲ್ಲಲು ತ್ರಾಣ ಇರುವುದಿಲ್ಲ, ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು. ಹಾಗಾಗಿ ಭಾವ ಯಾರೋ ಬಳಸಿ ಬಿಟ್ಟ ಸಣ್ಣ ಕಾರೊಂದನ್ನು ಕೊಂಡರು. ಅದು ಆಗಾಗ ಮುನಿಸಿಕೊಳ್ಳುವ ವಯಸ್ಸಿನದು. ಗ್ಯಾರೇಜಿಗೆ ಒಯ್ದರೆ "ಬಿಟ್ಟು ಹೋಗಿ, ನೋಡೋಣ" ಎನ್ನುತ್ತಿದ್ದರು. ಬಿಟ್ಟು ಹೋಗಲು ಇವರ ಬಳಿ ಇದ್ದದ್ದು ನಡುವಿನ ಒಂದೇ ದಿನ. ಆದ್ದರಿಂದ ರಿಪೇರಿಯನ್ನೂ ತಾವೇ ಕಲಿತರು.

ಎರಡು ವರ್ಷದ ಹಿಂದೆ ಇಂಜಿನ್ ಆಯಿಲ್ ಬದಲಾಯಿಸಿ, ಕೆಳಗಿನ ಬೋಲ್ಟನ್ನು ವಾಪಸ್ಸು ಹಾಕಿ ಬಿಗಿದರು. ಭರವಸೆಗೆಂದು ಇನ್ನೊಂದು ಎಳೆತ ಎಳೆದರು. ಬೋಲ್ಟು ಒಮ್ಮೆಲೇ ಹಗುರವಾಗಿ ಸುಮ್ಮನೆ ತಿರುಗತೊಡಗಿತು. ಆಯಿಲ್ ತುಂಬಿರುವ ತಟ್ಟೆ ಅಲ್ಯೂಮಿನಿಯಂನದು, ಬೋಲ್ಟನ್ನು ಹಿಡಿದಿಡುವ ಅದರ ಥ್ರೆಡ್ಡೆಲ್ಲ ಬೆಳ್ಳಗೆ ಪುಡಿಯಾಗಿ ಅವರ ಅಂಗೈಗೆ ಬಂತು. ಕಾರು ಆರು ದಿನ ಗ್ಯಾರೇಜಿನಲ್ಲಿ ಕೂತಿತು. ಅಕ್ಕ ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದಳು. ಮೂರನೆಯ ಸಲ ಬಸ್ ಸ್ಟಾಪಿನ ನೆಲದ ಮೇಲೆ ಕುಸಿದು ಕೂತವಳು ಅರ್ಧ ಗಂಟೆ ಏಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ ಅನ್ನೋದು ನಿಮ್ಮಂಥವರನ್ನ ನೋಡೇ ಭಾವ," ಎಂದೆ. ಅವರು ಅಕ್ಕನ ಸೀರೆಗೆ ಹತ್ತಿದ್ದ ಧೂಳು ಕೊಡವುತ್ತಿದ್ದರು.

ಅಲ್ಲಿಂದ ಮುಂದೆ ಅವರದು ಹುಚ್ಚು ಜಾಗ್ರತೆ. ಇಂಜಿನ್ ಪೂರ್ತಿ ತಣ್ಣಗಾಗದೆ ಬಾನೆಟ್ಟಿನೊಳಗೆ ಕೈ ಹಾಕುವುದಿಲ್ಲ. ರಟ್ಟಿನ ಮೇಲೆ ಇಂಜಿನ್ನಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರದರ ಜಾಗದಲ್ಲೇ ಚುಚ್ಚಿಡುವುದು. ತೆರೆದ ತೂತುಗಳಿಗೆಲ್ಲ ಬಟ್ಟೆ ತುರುಕುವುದು, ತುರುಕಿದ ಬಟ್ಟೆಗಳನ್ನು ಎಣಿಸಿ ಗೋಡೆಯ ಮೇಲೆ ಬರೆಯುವುದು. ವೈರು ಹಿಡಿದು ಎಳೆಯದೆ ಪ್ಲಾಸ್ಟಿಕ್ ಕೊಂಡಿ ಒತ್ತಿಯೇ ಬಿಡಿಸುವುದು. "ಭಾವ, ಆಪರೇಷನ್‌ಗೆ ಮುಂಚೆ ಇಂಜಿನ್ ಏನಾದ್ರೂ ಸಹಿ ಹಾಕ್ಬೇಕಾ?" ಎಂದು ನಾನು ಕೆಣಕುತ್ತಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಎಲ್ಲ ಮುಗಿದು ಕೊನೆಗೆ ಬಿಗಿಯುವಾಗ ಅದೇ ಹಳೇ ಕೈ. ಎರಡು ಕ್ಲಿಪ್ಪು, ಒಂದು ಸಣ್ಣ ಬೋಲ್ಟು ಅದಕ್ಕೆ ಬಲಿಯಾದವು.

ಈ ಸಲ ಕಾರು ಸಿಗ್ನಲ್ಲಿನಲ್ಲಿ ನಿಂತರೆ ಕೆಮ್ಮಿ ಆರಿಹೋಗತೊಡಗಿತು. ನಾಲ್ಕೂ ಸ್ಪಾರ್ಕ್ ಪ್ಲಗ್ಗು ಬದಲಾಯಿಸಬೇಕಿತ್ತು. ಪ್ಲಗ್ಗು ಕೂರುವುದೂ ಅಲ್ಯೂಮಿನಿಯಂನಲ್ಲೇ. ಅಲ್ಲಿ ಥ್ರೆಡ್ ಹೋದರೆ ಇಂಜಿನ್ನಿನ ತಲೆಯನ್ನೇ ಇಳಿಸಬೇಕು, ಕಾರು ವಾರಗಟ್ಟಲೆ ಮೂಲೆಗೆ. ಮರುದಿನ ಬೆಳಗ್ಗೆ ಏಳಕ್ಕೆ ಡಯಾಲಿಸಿಸ್. ಇದು ಮೂವರಿಗೂ ಗೊತ್ತಿತ್ತು.

ಸೈಕಲ್ ಪಂಪಿನಿಂದ ಸುತ್ತಲ ಧೂಳು ಊದಿ ತೆಗೆದು ಹಳೆಯ ಪ್ಲಗ್ಗುಗಳನ್ನು ಬಿಚ್ಚಿದರು. ಹೊಸ ಪ್ಲಗ್ಗಿನ ತುದಿಗೆ ಒಂದು ಗೇಣು ರಬ್ಬರ್ ಪೈಪು ಸಿಕ್ಕಿಸಿಕೊಂಡರು. ಪ್ಲಗ್ಗು ಥ್ರೆಡ್ಡಿನಲ್ಲಿ ಓರೆಯಾಗಿ ಹತ್ತಿದರೆ ರಬ್ಬರು ಜಾರಬೇಕು, ಒಳಗೆ ಏನೂ ಹಾಳಾಗಬಾರದು, ಉಪಾಯ ಇಷ್ಟೇ. ಆದರೆ ಭಾವ ಆ ಪೈಪನ್ನೂ ಹಿಂಡಿ ಹಿಡಿದು ತಿರುಗಿಸುತ್ತಿದ್ದರು. ಅದಕ್ಕೆ ಜಾರಲು ಎಲ್ಲಿ ಪುರಸೊತ್ತು? ಒಂದು ಸುತ್ತಿಗೇ ಪ್ಲಗ್ಗು ಓರೆಯಾಗಿ ಹತ್ತಿ ಬಿಗಿಯಾಯಿತು. ಅವರ ಮುಂಗೈಯ ನರ ಉಬ್ಬಿದ್ದು ನನಗೆ ಕಂಡಿತು. ಆಗ ಅವರು ಪೈಪು ಬಿಟ್ಟು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಸ್ವಲ್ಪ ಬಾ ಇಲ್ಲಿ," ಎಂದು ಅಕ್ಕನನ್ನು ಕರೆದರು.

"ಯಾಕ್ರೀ, ಮುರಿದ್ರಾ?"

"ಇನ್ನೂ ಇಲ್ಲ. ನೀನೇ ಕೂರಿಸು. ನನ್ನ ಕೈಗೆ ಗೊತ್ತಾಗಲ್ಲ."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ. ಅಕ್ಕನೂ ಕೇಳಿರಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಸೂಜಿ ಹಾಕುವ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಬಲಗೈಯ ಎರಡೇ ಬೆರಳಲ್ಲಿ ಪೈಪು ಹಿಡಿದಳು. ಪ್ಲಗ್ಗನ್ನು ಹೊರಗೆ ತಂದು, ಮತ್ತೆ ಇಟ್ಟು, ಭಾವ ಹೇಳಿದಂತೆ ಮೊದಲು ಹಿಂದಕ್ಕೆ ತಿರುಗಿಸಿದಳು.

"ಏನೋ ಟಿಕ್ ಅಂತು."

"ಅದೇ, ಥ್ರೆಡ್ ನೆಟ್ಟಗೆ ಕೂತ್ಕೊಳ್ತು. ಈಗ ಮುಂದಕ್ಕೆ."

ಅದು ಸದ್ದಿಲ್ಲದೆ ಕೊನೆಯವರೆಗೂ ಇಳಿಯಿತು. ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು.

"ಸಾಕು," ಎಂದಳು ಅಕ್ಕ.

"ಇನ್ನೊಂದೇ ಒಂದು ಚೂರು..."

"ಕರೆದಿದ್ದು ನನ್ನ ಕೈನ ತಾನೇ? ನನ್ನ ಕೈ ಸಾಕು ಅಂತಿದೆ."

ಭಾವ ಗೇಟಿನ ಹತ್ತಿರ ಹೋಗಿ ರಸ್ತೆ ನೋಡುತ್ತಾ ನಿಂತರು. ಅಕ್ಕ ಉಳಿದ ಮೂರನ್ನೂ ಕೂರಿಸಿದಳು. ಕೀ ತಿರುಗಿಸಿದಾಗ ಇಂಜಿನ್ ಒಂದೇ ಸಲಕ್ಕೆ ಹತ್ತಿ, ಕೆಮ್ಮದೆ ಓಡಿತು.

ಸಂಜೆ ಭಾವ ಸ್ಪ್ಯಾನರಿಗಾಗಿ ಮನೆಯೆಲ್ಲ ತಡಕಾಡಿದರು. ಅಕ್ಕ ಅದನ್ನು ಆಸ್ಪತ್ರೆಯ ಚೀಲದಲ್ಲಿ ಟವಲಿನ ಕೆಳಗೆ ಅಡಗಿಸಿದ್ದಳು. "ಮನುಷ್ಯ ಒಳ್ಳೆಯವರೇ ಕಣೋ, ಆದ್ರೂ ಎದುರಿಗೆ ಯಾಕೆ ಇಡ್ಬೇಕು?" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಬೆಳಗ್ಗೆ ಕಾರು ಯಾವ ಸಿಗ್ನಲ್ಲಿನಲ್ಲೂ ಆರಲಿಲ್ಲ. ಅವರ ಜೊತೆ ನಾನು ಯಾಕೆ ಹೋಗುತ್ತೇನೆಂದು ಹೇಳಬೇಕು. ನಾಲ್ಕು ಗಂಟೆ ಮುಗಿದು ಸೂಜಿ ತೆಗೆದ ಮೇಲೆ ಆ ಜಾಗವನ್ನು ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಸಡಿಲವಾದರೆ ರಕ್ತ ಹರಿಯುತ್ತದೆ. ಅತಿ ಬಿಗಿಯಾದರೆ ಒಳಗೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗಬಹುದು, ಆಮೇಲೆ ಅಕ್ಕನಿಗೆ ಆ ಕೈಯಿಂದ ಡಯಾಲಿಸಿಸ್ ಇಲ್ಲ. ನಾಲ್ಕು ವರ್ಷದಿಂದ ಒತ್ತುತ್ತಿದ್ದವನು ನಾನು. ಆ ಹೊತ್ತಿಗೆ ಭಾವ ಹೊರಗೆ ಹೋಗಿ ಕಾರಿನ ಪಕ್ಕ ನಿಲ್ಲುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಅವರೇ ಹೋಗುತ್ತಿದ್ದರು.

ಅವತ್ತೂ ನರ್ಸ್ ಸೂಜಿ ತೆಗೆಯಲು ಬಂದಾಗ ಭಾವ ಎದ್ದರು, ನಾನು ಮುಂದೆ ಬಂದೆ.

"ನೀನು ಇರು," ಎಂದಳು ಅಕ್ಕ ನನಗೆ. "ಇವತ್ತು ಅವರು ಒತ್ತಲಿ. ನಿನ್ನೆ ಪ್ಲಗ್ಗು ಬಿಗಿಯೋದನ್ನ ತಾವಾಗೇ ನಿಲ್ಲಿಸಿದ್ರಲ್ಲ."

ಭಾವ ನನ್ನ ಮುಖ ನೋಡಿದರು. ಆಮೇಲೆ ಕೂತು ಹತ್ತಿಯ ಮೇಲೆ ಹೆಬ್ಬೆರಳಿಟ್ಟರು. ಒತ್ತಡ ಹೆಚ್ಚಾಗಿ ಉಗುರು ಬೆಳ್ಳಗಾದರೆ ಅವರ ಕೈ ಎಳೆದು ಸರಿಸೋಣವೆಂದು ನಾನು ಅದನ್ನೇ ನೋಡುತ್ತಿದ್ದೆ. ಬೆಳ್ಳಗಾಗಲಿಲ್ಲ. ಹತ್ತಿಯೂ ಕೆಂಪಾಗಲಿಲ್ಲ. ನಾನು ಒತ್ತುವಾಗ ಅಕ್ಕ ಹತ್ತು ನಿಮಿಷವೂ ಕಣ್ಣು ಕೀಳದೆ ನನ್ನ ಬೆರಳನ್ನು ಕಾಯುತ್ತಿದ್ದಳು. ಅವತ್ತು ನಿದ್ದೆ ಹೋದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮಾಡಲು ಬೇರೆ ಕೆಲಸವಿಲ್ಲದೆ ಕಾರಿನ ಕೀ ಕೇಳಿದೆ.

"ಜೇಬಲ್ಲಿದೆ, ನೀನೇ ತಗೋ," ಎಂದರು ಭಾವ ಪಿಸುದನಿಯಲ್ಲಿ, ಅಲುಗಾಡದೆ.

ನಾನೇ ತೆಗೆದುಕೊಂಡು ಹೊರಗೆ ಹೋಗಿ ಕಾರಿನ ಪಕ್ಕ ನಿಂತೆ.