ಸೂಸೈಗೆ ಹೇಳಿಸಿದ ಪೂಜೆ

ಇವ್ಲಿನ್‌ಗೆ ಬದುಕಿದ್ದವರಿಗಿಂತ ಸತ್ತವರ ಮೇಲೆಯೇ ಅಕ್ಕರೆ ಜಾಸ್ತಿ ಎಂದು ಗಂಡ ಬೊನಿಫಾಸ್ ಕಾಲೆಳೆಯುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಲ್ಫಿನಲ್ಲಿ, ದಾರ್ಸೈಟಿನ ಫ್ಲ್ಯಾಟಿನಲ್ಲಿ ಸಂಜೆಯ ಜಪಸರ ಮುಗಿದರೂ ಅವಳ ಪ್ರಾರ್ಥನೆ ಮುಗಿಯುತ್ತಿರಲಿಲ್ಲ. ಶಿರ್ವದ ಅಜ್ಜಿಗೊಂದು, ಸೋದರಮಾವನಿಗೊಂದು, ತವರಿನ ಗದ್ದೆ ಉಳುತ್ತಿದ್ದ ಗುರುವನಿಗೂ ಒಂದು. ಗುರುವ ಹಿಂದೂ ಎಂದು ಬೊನಿಫಾಸ್ ನೆನಪಿಸಿದರೆ, ಅವನಿಗೆ ಬೇಡ ಅಂತ ನಿಮ್ಮತ್ರ ಹೇಳಿದ್ದಾನಾ ಎಂದು ತಿರುಗಿ ಕೇಳುವಳು.

ರೂವಿಯ ಒಂದು ಕ್ಲಿನಿಕ್ಕಿನಲ್ಲಿ ಅವಳು ರಿಸೆಪ್ಷನಿಸ್ಟ್. ಅಲ್ಲಿ ನೆಲ ಒರೆಸುವ ಏಂಜೆಲಾ ಶ್ರೀಲಂಕಾದ ಬಟ್ಟಿಕಲೋವಾ ಕಡೆಯ ತಮಿಳು ಕ್ರೈಸ್ತಳು. ಮಧ್ಯಾಹ್ನ ಇಬ್ಬರದೂ ಒಂದೇ ಮೇಜು. ಇವಳ ಮೀನು ಸಾರು ಅವಳಿಗೆ, ಅವಳ ತೆಂಗಿನ ಸಂಬಲ್ ಇವಳಿಗೆ. ಮಾತಿಗೆ ಅರೆಬರೆ ಇಂಗ್ಲಿಷು, ಅರೆಬರೆ ತಮಿಳು, ಉಳಿದದ್ದಕ್ಕೆ ಕೈಸನ್ನೆ.

ತೊಂಬತ್ತರ ಗಲಭೆಯಲ್ಲಿ ಏಂಜೆಲಾಳ ತಮ್ಮ ಸೂಸೈಯನ್ನು ಬಂದೂಕು ಹಿಡಿದವರು ಮನೆಯಿಂದ ಕರೆದೊಯ್ದಿದ್ದರು. ಆಮೇಲೆ ಸುದ್ದಿಯಿಲ್ಲ. ಕಾಣೆಯಾದವರ ವಿಚಾರಣೆಗೆ ಜಿನೀವಾದಿಂದ ವೀಕ್ಷಕರು ಬಂದಾಗ ತಾಯಿ ಬಿಸಿಲಲ್ಲಿ ಸಾಲು ನಿಂತು ಮಗನ ಹೆಸರು ಬರೆಸಿದ್ದಳು. ಅವರು ಪ್ರತಿ ವರ್ಷ ಸರ್ಕಾರವನ್ನು ಕೇಳುತ್ತಾರಂತೆ: ಈ ಹುಡುಗ ಎಲ್ಲಿ? ಮನೆಯವರೇ ಸತ್ತನೆಂದು ಒಪ್ಪಿಬಿಟ್ಟರೆ ಆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಊರಿನ ಕಚೇರಿಯವರು ಮರಣಪತ್ರ ಕೊಡಲು ಬಂದಾಗ ತಾಯಿ ಬಾಗಿಲು ತೆಗೆದಿರಲಿಲ್ಲ.

"ಅವರು ಕೇಳ್ತಾ ಇರೋವರೆಗೆ ತಮ್ಮ ಇದ್ದಾನೆ, ಅಕ್ಕ," ಎಂದಿದ್ದಳು ಏಂಜೆಲಾ.

ಇಷ್ಟೆಲ್ಲ ಗೊತ್ತಿದ್ದೂ ಇವ್ಲಿನ್ ಎಡವಿದಳು. ಒಳ್ಳೆಯ ಮನಸ್ಸಿನವರಿಗೆ ಕೇಳದೆ ಕೈಹಾಕುವ ಚಾಳಿ ಇರುತ್ತದೆ. ತೊಂಬತ್ತನಾಲ್ಕರ ನವೆಂಬರಿನಲ್ಲಿ ಮೃತರ ಹಬ್ಬ ಬಂತು. ಆ ದಿನ ಮನೆಮನೆಯವರು ಕೊಟ್ಟ ಮೃತರ ಹೆಸರುಗಳನ್ನು ಪಾದ್ರಿ ಪೂಜೆಯಲ್ಲಿ ಓದುತ್ತಾರೆ. ಪಾಪದ ಹುಡುಗನ ಆತ್ಮಕ್ಕೆ ಇಷ್ಟು ವರ್ಷ ಒಂದು ಪೂಜೆಯೂ ಇಲ್ಲವಲ್ಲ ಎಂದು ಅವಳ ಕರುಳು ಚುರುಕ್ಕೆಂದಿತು. ತನ್ನವರ ಜೊತೆಗೆ ಸೂಸೈಯ ಹೆಸರನ್ನೂ ಕೊಟ್ಟಳು. ಏಂಜೆಲಾ ವಾರದ ರಜೆಯ ಶುಕ್ರವಾರ ಬಿಟ್ಟರೆ ಇಗರ್ಜಿಗೆ ಬರುವವಳಲ್ಲ.

ಹಬ್ಬದ ಆ ಬುಧವಾರ ಮಾತ್ರ ಬಂದಿದ್ದಳು, ತೀರಿಹೋದ ಅಪ್ಪನಿಗೆ ಮೊಂಬತ್ತಿ ಹಚ್ಚಲು. ತಮ್ಮನ ಹೆಸರು ಕೇಳಿದ್ದೇ ಎದ್ದು ಹೊರಟುಹೋದಳು.

ಮರುದಿನದಿಂದ ಅವಳ ಊಟ ಮೆಟ್ಟಿಲ ಮೇಲೆ, ಒಬ್ಬಳೇ. ಇವ್ಲಿನ್ ತಟ್ಟೆ ಹಿಡಿದು ಹೋಗಿ ನಿಂತಳು. ಏಂಜೆಲಾ ತಲೆ ಎತ್ತಲಿಲ್ಲ.

"ಅಮ್ಮ ಬೇಡ ಅಂದ ಕಾಗದವನ್ನ ನೀನು ತಗೊಂಡೆಯಲ್ಲ, ಅಕ್ಕ."

ಇವ್ಲಿನ್ ತಟ್ಟೆ ಹಿಡಿದುಕೊಂಡೇ ವಾಪಸಾದಳು. ಸಂಜೆ ಮುಸುಮುಸು ಅಳುತ್ತ ಕೂತವಳನ್ನು ನೋಡಿ ಬೊನಿಫಾಸ್‌ಗೆ ತಮಾಷೆ ಮರೆತುಹೋಯಿತು.

"ಇಲ್ಲಿ ಅತ್ತು ಎಂತ ಪ್ರಯೋಜನ? ಪಾದ್ರಿ ಹತ್ರ ಹೋಗು ಮಾರಾಯ್ತಿ," ಎಂದ.

ಪಾದ್ರಿಯೂ ಮಂಗಳೂರಿನವರೇ. "ಓದಿದ್ದನ್ನು ವಾಪಸ್ ತೆಗೀಲಿಕ್ಕೆ ಆಗುದಿಲ್ಲ ಇವ್ಲಿನ್ ಬಾಯಿ," ಎಂದರು.

"ಹಾಗಾದ್ರೆ ಬದುಕಿದವರ ಜೊತೆ ಓದಿ, ಫಾದರ್. ಹುಟ್ಟುಹಬ್ಬದವರ ಹೆಸರು ಶುಕ್ರವಾರ ಓದ್ತೀರಲ್ಲ, ಅದರಲ್ಲಿ."

ಪಾದ್ರಿ ಒಪ್ಪಿದರು. ಆದರೆ ಹುಟ್ಟಿದ ದಿನ ಅವಳಿಗೇನು ಗೊತ್ತು? ಮತ್ತೆ ಆ ಮೆಟ್ಟಿಲಿಗೇ ಹೋಗಬೇಕಾಯಿತು. ಈ ಸಲ ಕೇಳದೆ ಏನೂ ಮಾಡಲಿಲ್ಲ. ತಪ್ಪಾಯಿತು ಎಂದಳು, ಆಮೇಲೆ ಬದುಕಿದವರ ಜೊತೆ ಓದಿಸಲೇ, ಹುಟ್ಟಿದ ದಿನ ಯಾವುದು ಎಂದು ಕೇಳಿದಳು. ಏಂಜೆಲಾ ಊಟದ ಡಬ್ಬಿ ಮುಚ್ಚಿಟ್ಟು, "ಈ ತಿಂಗಳ ಕೊನೆಗೆ," ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ತಿಂಗಳ ಕೊನೆಯ ಶುಕ್ರವಾರ ಶಾಲೆಯ ಮಕ್ಕಳ ಹೆಸರುಗಳ ನಡುವೆ ಸೂಸೈಯ ಹೆಸರೂ ಬಂತು. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ಏಂಜೆಲಾ ಇವ್ಲಿನ್‌ಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮುಂದಿನ ವರ್ಷಗಳಲ್ಲೂ ನವೆಂಬರ್ ಬಂದಾಗ ಇಬ್ಬರೂ ಹೋಗಿ ಹುಟ್ಟುಹಬ್ಬದ ಪಟ್ಟಿಗೆ ಆ ಹೆಸರು ಕೊಟ್ಟು ಬರುತ್ತಿದ್ದರು. ಒಂದು ಸಲ ಇಗರ್ಜಿಯ ಅಂಗಳದಲ್ಲಿ ಟ್ಯಾಕ್ಸಿಗೆ ಕಾಯುತ್ತಿದ್ದಾಗ ಏಂಜೆಲಾ ಮೆಲ್ಲನೆ ಕೇಳಿದಳು, "ನಿಜ ಹೇಳು ಅಕ್ಕ. ಅವನು ಇದ್ದಾನೆ ಅಂತ ನೀನು ನಂಬ್ತೀಯಾ?"

ಇವ್ಲಿನ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವಳು ಏಂಜೆಲಾಳ ತಲೆಯ ಮೇಲಿನ ಸೆರಗು ಸರಿಮಾಡಿದಳು.

"ನಂಗೆ ಗೊತ್ತಿಲ್ಲ ಏಂಜೆಲಾ. ಕೇಳ್ತಾ ಇರುವಾ."